ವಾಡೆಯ ಲಿಲಾವು: ಸೇಡಂ ಕಡೆಯ ಒಂದು ಹಳೆಮನೆ ಸಾಮಾನಿನ ಹರಾಜು, ಒಂದು ಪ್ರಕರಣ ಅಧ್ಯಯನ

ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ವಾಡೆ. ಕಲ್ಲಿನ ಕಮಾನು ದಾಟಿದರೆ ಅಂಗಳ, ಮೂರು ಕಡೆ ಪಡಸಾಲೆ, ನೆಲಕ್ಕೆಲ್ಲ ಶಹಾಬಾದ್ ಫರಸಿ. ಹಿರಿಯರು ತೀರಿಕೊಂಡ ಮೇಲೆ ಎರಡು ವರ್ಷ ಬೀಗ ಬಿದ್ದಿತ್ತು. ವಾರಸುದಾರರು ಐವರು: ಮೂವರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ಮನೆ, ಹೊಲದ ಪಾಲಿನ ಮಾತು ಮುಂದಕ್ಕಿಟ್ಟು, ಒಳಗಿನ ಸಾಮಾನನ್ನು ಮಾತ್ರ ಲಿಲಾವು ಮಾಡಿ ಬಂದ ದುಡ್ಡನ್ನು ಐದು ಪಾಲು ಮಾಡುವುದೆಂದು ಅವರು ಒಪ್ಪಿಕೊಂಡರು. ಮನೆತನದ ಗುರುತು ಹತ್ತದ ಹಾಗೆ ಊರು, ಹೆಸರು ಬಿಟ್ಟಿದೆ. ತೂಕ ಮತ್ತು ಬೆಲೆಗಳನ್ನು ಲೆಕ್ಕ ಹಿಡಿಯಲು ಸುಲಭವಾಗುವಂತೆ ದುಂಡು ಅಂಕಿಗೆ ತಂದಿದೆ.

ಈ ಪ್ರಕರಣವನ್ನು ನೋಡುತ್ತಿರುವುದು ಕೊಳ್ಳುವವರ ಕಡೆಯಿಂದ. ಕೊಳ್ಳಲು ಬಂದವರು ಕಲಬುರಗಿಯಲ್ಲಿ ಖಾನಾವಳಿ ನಡೆಸುವ ಒಬ್ಬ ಹೆಣ್ಣುಮಗಳು ಮತ್ತು ಅವರ ತಮ್ಮ. ಅವರಿಗೆ ಬೇಕಾಗಿದ್ದದ್ದು ನೀರಿಗೊಂದು ದೊಡ್ಡ ತಾಮ್ರದ ಹಂಡೆ, ಊಟಕ್ಕೆ ಹಳೆಯ ಗಂಗಾಳಗಳು, ಮುಂದಿನ ಪಡಸಾಲೆಗೆ ಒಂದು ತೂಗುಮಂಚ. ಕೈಯಲ್ಲಿದ್ದ ಹಣ 75,000 ರೂಪಾಯಿ, ಸಾಗಾಟ ಮತ್ತು ದುರಸ್ತಿಯೂ ಅದರಲ್ಲೇ ಆಗಬೇಕು. ಕೊನೆಗೆ ಅವರು 55,700ಕ್ಕೆ ಮುಗಿಸಿದರು. ಅದರಲ್ಲಿ 1,500 ಮಾತ್ರ ಸುಮ್ಮನೆ ಹೋದ ಹಣ. ಉಳಿದದ್ದು ಸರಿಯಾಗಿದ್ದಕ್ಕೆ ಕಾರಣ ಹರಾಜಿನ ದಿನದ ಚುರುಕುತನವಲ್ಲ. ಹಿಂದಿನ ದಿನ ಆರು ತಾಸು ಅಂಗಳದಲ್ಲಿ ಕೂತು ಅವರು ಮಾಡಿದ ತೂಕ ಮತ್ತು ತಪಾಸಣೆ.

ಕರಾರು ಮತ್ತು ಹಕ್ಕು

ಕರಪತ್ರದಲ್ಲಿ ಇದ್ದದ್ದು ಇಷ್ಟು: ಶನಿವಾರ ಬೆಳಿಗ್ಗೆ 10ರಿಂದ ಸಂಜೆ 4ರವರೆಗೆ ಸಾಮಾನು ನೋಡಬಹುದು, ರವಿವಾರ ಬೆಳಿಗ್ಗೆ ಹತ್ತೂವರೆಗೆ ಲಿಲಾವು. ಒಟ್ಟು 140 ಲಾಟ್, ಅಂದರೆ ಒಂದೇ ಕೂಗಿಗೆ ಮಾರುವ ಸಾಮಾನಿನ ಗುಂಪು. ಬೆಲೆ ಕೂಗುವವರು 5,000 ರೂಪಾಯಿ ಠೇವಣಿ ಇಟ್ಟು ಚೀಟಿ ಪಡೆಯಬೇಕು. ಗೆದ್ದ ಲಾಟಿನ ಹಣ ಅದೇ ದಿನ ಸಂಜೆ 5ರೊಳಗೆ, ಸಾಮಾನು ಎತ್ತುವುದು ಮೂರು ದಿನದೊಳಗೆ. ಇದ್ದದ್ದು ಇದ್ದ ಹಾಗೆ. ಆಮೇಲೆ ತಕರಾರು ಇಲ್ಲ.

ಈ ಕೊನೆಯ ಮಾತು ಕೇಳಿ ಕೊಳ್ಳುವವರಿಗೆ ಹಕ್ಕೇ ಇಲ್ಲ ಎಂದು ತಿಳಿಯಬಾರದು. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಂ ಹರಾಜಿಗೆಂದೇ ಇದೆ. ಅದರ ಪ್ರಕಾರ ಪ್ರತಿ ಲಾಟೂ ಬೇರೆ ಬೇರೆ ಒಪ್ಪಂದ. ಸುತ್ತಿಗೆ ಬೀಳುವವರೆಗೆ, ಅಂದರೆ ನಮ್ಮ ಕಡೆ ‘ಮೂರು ಸಲ’ ಎನ್ನುವವರೆಗೆ, ಕೂಗಿದವರು ತಮ್ಮ ಕೂಗನ್ನು ಹಿಂದಕ್ಕೆ ಪಡೆಯಬಹುದು. ಮಾರುವವರು ತಾವೂ ಕೂಗುತ್ತೇವೆ ಎಂದು ಮೊದಲೇ ಸಾರಿರದಿದ್ದರೆ ಅವರು ಕೂಗುವ ಹಾಗಿಲ್ಲ, ಬೇರೆಯವರನ್ನು ನಿಲ್ಲಿಸಿ ಕೂಗಿಸುವ ಹಾಗೂ ಇಲ್ಲ. ಬೆಲೆ ಏರಿಸಲು ಸುಳ್ಳು ಕೂಗು ಕೂಗಿಸಿದ್ದು ಗೊತ್ತಾದರೆ ಕೊಂಡವರು ಆ ವ್ಯವಹಾರವನ್ನು ರದ್ದು ಮಾಡಬಹುದು. ಕನಿಷ್ಠ ಬೆಲೆ ಇಡುವ ಹಕ್ಕು ಮಾತ್ರ ಮಾರುವವರಿಗೆ ಇದೆ.

ಅಕ್ಕ ಶನಿವಾರ ಬೆಳಿಗ್ಗೆ ಮೊದಲು ಕೇಳಿದ ಪ್ರಶ್ನೆ ಸಾಮಾನಿನದಲ್ಲ. ‘ಐದೂ ಮಂದಿ ಸಹಿ ಮಾಡ್ಯಾರೇನ್ರಿ?’ ಎಂದು ಕೇಳಿದರು. ನಾಲ್ವರ ಸಹಿ ಇತ್ತು. ಪುಣೆಯಲ್ಲಿದ್ದ ಮಗಳು ಫೋನಿನಲ್ಲಿ ಒಪ್ಪಿದ್ದರು, ಕಾಗದ ಬಂದಿರಲಿಲ್ಲ. ಅವರ ತಕರಾರು ಇದ್ದದ್ದು ದೇವರಮನೆಯ ಸಾಮಾನಿಗೆ ಮಾತ್ರ. ಹೀಗಾಗಿ ಅಕ್ಕ ಎರಡು ಸಮಯಿ ದೀಪ ಮತ್ತು ಗಂಟೆಯ ಲಾಟನ್ನು ತಮ್ಮ ಪಟ್ಟಿಯಿಂದ ಅಲ್ಲೇ ಹೊಡೆದುಹಾಕಿದರು. ಮರುದಿನ ಹರಾಜಿನ ನಡುವೆ ಆ ಲಾಟು ಹಿಂದಕ್ಕೆ ಹೋಯಿತು. ಅದನ್ನೇ ನೆಚ್ಚಿ ಬೇರೆ ಲಾಟು ಬಿಟ್ಟುಕೊಟ್ಟ ಒಬ್ಬ ವ್ಯಾಪಾರಿ ಬರಿಗೈಲಿ ಹೋದರು. ವಾರಸುದಾರರಲ್ಲಿ ಒಬ್ಬರ ಒಪ್ಪಿಗೆ ಇಲ್ಲದೆ ಮಾರಿದ ವಸ್ತು ಕೊಂಡವರ ಮನೆಗೆ ಬಂದ ಮೇಲೂ ಜಗಳ ಹಿಂಬಾಲಿಸುತ್ತದೆ. ಎಲ್ಲರ ಸಹಿ ಇರುವ ಒಪ್ಪಿಗೆ ಪತ್ರದ ಫೋಟೊ ತೆಗೆದಿಟ್ಟುಕೊಳ್ಳುವುದು ಐದು ನಿಮಿಷದ ಕೆಲಸ.

ನೋಡುವ ದಿನ

ತಂದಿದ್ದ ಸಲಕರಣೆ: ಗಟ್ಟಿ ಅಯಸ್ಕಾಂತ ಒಂದು, 50 ಕೆ.ಜಿ. ತೂಗುವ ಕೊಕ್ಕೆ ತಕ್ಕಡಿ, ನಾಣ್ಯಕ್ಕೆ ಸಣ್ಣ ಡಿಜಿಟಲ್ ತಕ್ಕಡಿ, ಟೇಪು, ಬ್ಯಾಟರಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಕನ್ನಡಿ, ಕರಿ ಬಟ್ಟೆ, ಹತ್ತಿ, ಉಗುರುಬಣ್ಣ ತೆಗೆಯುವ ದ್ರಾವಣದ ಸಣ್ಣ ಶೀಶೆ, ನೋಟ್‌ಬುಕ್ಕು. ಎಲ್ಲ ಸೇರಿ ಒಂದು ಚೀಲಕ್ಕೆ ಹಿಡಿಸುತ್ತದೆ. ತಕ್ಕಡಿ ಹಚ್ಚುವ ಮುಂಚೆ ಮನೆಯವರನ್ನು ಕೇಳಬೇಕು. ಕೇಳಿದರೆ ಬೇಡ ಎನ್ನುವವರು ಕಡಿಮೆ.

ಅಂದು ಬೆಳಿಗ್ಗೆ ಕಲಬುರಗಿಯ ಮೋಡಕಾ (ಗುಜರಿ) ಅಂಗಡಿಯಲ್ಲಿ ಕೇಳಿದ ಕೊಳ್ಳುವ ದರವನ್ನು ತಳಕ್ಕೆ ಹಿಡಿದರು: ತಾಮ್ರ ಕೆ.ಜಿ.ಗೆ 700, ಹಿತ್ತಾಳೆ 450. ಈ ದರ ದಿನದಿನಕ್ಕೂ ಏರಿಳಿಯುತ್ತದೆ, ಹಿಂದಿನ ವಾರದ್ದು ಉಪಯೋಗಕ್ಕಿಲ್ಲ. ಪ್ರತಿ ಲಾಟಿಗೂ ಎರಡು ಅಂಕಿ ಬರೆದರು. ಒಂದು ತಳಬೆಲೆ: ನಾಳೆಯೇ ಮೋಡಕಾಕ್ಕೆ ಹಾಕಿದರೆ ಬರುವ ಹಣ. ಇನ್ನೊಂದು ಮಿತಿ: ಅದೇ ಕೆಲಸಕ್ಕೆ ಬರುವ ಹೊಸ ವಸ್ತುವಿನ ಬೆಲೆಯಲ್ಲಿ ದುರಸ್ತಿ ಮತ್ತು ಸಾಗಾಟ ಕಳೆದದ್ದು. ಇವೆರಡರ ನಡುವಿನ ಜಾಗದಲ್ಲೇ ಕೂಗಾಟ ನಡೆಯಬೇಕು.

ಲಾಟ್ 17, ತಾಮ್ರದ ಹಂಡೆ. ಬಚ್ಚಲು ಒಲೆಯ ಮೇಲೆ ಬಹುಕಾಲ ಕೂತಿದ್ದ ಹಂಡೆ. ಕೊಕ್ಕೆಗೆ ಹಾಕಿದರೆ 21.5 ಕೆ.ಜಿ. ಆ ತೂಕವನ್ನು 700ಕ್ಕೆ ಗುಣಿಸಿದರೆ 15,050 ಬರುತ್ತದೆ. ಅಂಗಳದಲ್ಲಿದ್ದ ಹೆಚ್ಚಿನವರು ಹಾಗೆಯೇ ಗುಣಿಸಿದರು. ಆದರೆ ಈ ಭಾಗದ ಕೊಳವೆಬಾವಿ ನೀರು ಗಡಸು. ಹಂಡೆಯ ಒಳಮೈಗೆ ಎರಡು ಮಿಲಿಮೀಟರ್ ದಪ್ಪ ಸುಣ್ಣದ ಹಕ್ಕಳೆ ಕಟ್ಟಿತ್ತು. ಬೆರಳಿನಿಂದ ಬಡಿದರೆ ತಾಮ್ರದ ನಾದ ಬರುವುದಿಲ್ಲ, ಮಣ್ಣಿನ ಗಡಿಗೆ ಬಡಿದಂಥ ಮಂಕು ಸದ್ದು, ಅದೇ ಗುರುತು. ಅರ್ಧ ಮೀಟರ್ ಅಗಲದ ಹಂಡೆಯಲ್ಲಿ ಕೆಳಭಾಗಕ್ಕೆ ಇಷ್ಟು ದಪ್ಪ ಕಟ್ಟಿದರೆ ಒಂದೂವರೆ ಕೆ.ಜಿ. ತೂಗುತ್ತದೆ. ಎರಡು ಹಿಡಿಬಳೆಗಳಿಗೆ ಅಯಸ್ಕಾಂತ ಅಂಟಿತು, ಅಂದರೆ ಕಬ್ಬಿಣ, ಒಂದು ಕೆ.ಜಿ. ಉಳಿದದ್ದು 19 ಕೆ.ಜಿ. ತಾಮ್ರ, ತಳಬೆಲೆ 13,300. ಹೊರಮೈಯ ಮಸಿ ಮತ್ತು ಒಲೆಗೆ ಮೆತ್ತಿದ ಮಣ್ಣನ್ನು ಅಲ್ಲೇ ಕೆರೆದು ನೋಡಿದ್ದರಿಂದ ಅದರ ತೂಕ ಇದರಲ್ಲಿ ಸೇರಿಲ್ಲ.

ಹಂಡೆಯ ತಳವೇ ಮೊದಲು ಸವೆಯುವುದು, ಬೆಂಕಿ ತಾಕುವುದು ಅಲ್ಲಿ. ಕತ್ತಲೆ ಕೋಣೆಗೆ ಒಯ್ದು ಒಳಗೆ ಬ್ಯಾಟರಿ ಹಚ್ಚಿ ಹೊರಗಿನಿಂದ ನೋಡಿದರು. ಸೂಜಿ ಮೊನೆಯಷ್ಟು ಬೆಳಕೂ ಬರಲಿಲ್ಲ. ಆದರೂ ಅಷ್ಟಕ್ಕೇ ನಂಬಬಾರದು, ಹಕ್ಕಳೆಯೇ ತೂತು ಮುಚ್ಚಿರುತ್ತದೆ. ಆದ್ದರಿಂದ ಅರ್ಧ ಹಂಡೆ ನೀರು ತುಂಬಿ, ಮಟ್ಟಕ್ಕೆ ಗೆರೆ ಎಳೆದು, ಒಣ ಫರಸಿಯ ಮೇಲೆ ಅರ್ಧ ತಾಸು ಇಟ್ಟರು. ಒಂದು ಬದಿಗೆ ಬೂದು ಬಣ್ಣದ ಹಳೆಯ ಬೆಸುಗೆಯ ತೇಪೆ ಇತ್ತು. ಅಂಥ ತೇಪೆಯಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು, ಹಾಗಾಗಿ ಕುಡಿಯುವ ನೀರಿಗೆ ಬೇಡ, ಕೈ ತೊಳೆಯುವ ಬಿಸಿನೀರಿಗೆ ಮಾತ್ರ ಎಂದು ನೋಟ್‌ಬುಕ್ಕಿನಲ್ಲೇ ಬರೆದುಕೊಂಡರು. ಮಿತಿ 16,500.

ಲಾಟ್ 23 ಕಲಬೆರಕೆ: ಗಂಗಾಳ, ತಂಬಿಗೆ, ಪರಾತ, ಒಂದು ಹಿತ್ತಾಳೆ ತಪೇಲಿ, ಒಂದು ಗೋಣಿಚೀಲದಲ್ಲಿ ಒಟ್ಟು 14 ಕೆ.ಜಿ. ಇಂಥ ಲಾಟಿನಲ್ಲೇ ಲಾಭವೂ ಮೋಸವೂ ಅಡಗಿರುತ್ತವೆ. ಚೀಲ ಸುರುವಿ ಒಂದೊಂದಕ್ಕೂ ಅಯಸ್ಕಾಂತ ಹಿಡಿದರೆ 2.5 ಕೆ.ಜಿ.ಯಷ್ಟು ಅಂಟಿಕೊಂಡವು, ಕಬ್ಬಿಣಕ್ಕೆ ಹಿತ್ತಾಳೆ ನೀರು ಕುಡಿಸಿದ ತಂಬಿಗೆಗಳು. ಇನ್ನೊಂದು ಕಡೆ ನಾಲ್ಕು ಗಂಗಾಳ ಬೆರಳತುದಿಯಲ್ಲಿ ಎತ್ತಿ ಬಡಿದರೆ ನಾದ ಬಹಳ ಹೊತ್ತು ನಿಂತಿತು: ಕಂಚು. ಹಿತ್ತಾಳೆ ಬಡಿದ ತಕ್ಷಣ ಸುಮ್ಮನಾಗುತ್ತದೆ, ಕಂಚು ಹಾಡುತ್ತದೆ. ಕಂಚು ಊಟದ ತಟ್ಟೆಗೆ ಉತ್ತಮ, ಹುಳಿಗೆ ಹಿತ್ತಾಳೆಯಷ್ಟು ಬೇಗ ಕಿಲುಬು ಹಿಡಿಯುವುದಿಲ್ಲ. ಆದರೆ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಬಗ್ಗುವುದಿಲ್ಲ. ಸೀಳಿದ ಕಂಚಿಗೆ ನಾದ ಇರುವುದಿಲ್ಲ, ಹೀಗಾಗಿ ಒಂದೇ ಬಡಿತದಲ್ಲಿ ಎರಡು ಪರೀಕ್ಷೆ. ಅಯಸ್ಕಾಂತಕ್ಕೆ ಅಂಟಿದ್ದನ್ನು ಸೊನ್ನೆ ಎಂದೇ ಹಿಡಿದು ಉಳಿದ 11.5 ಕೆ.ಜಿ.ಗೆ ಹಿತ್ತಾಳೆಯ ದರ ಹಾಕಿದರೆ ತಳಬೆಲೆ 5,175. ಕಂಚಿನ ಸಲುವಾಗಿ ಮಿತಿಯನ್ನು 8,500ಕ್ಕೆ ಏರಿಸಿದರು. ಚೀಲ ತುಂಬುವ ಮುಂಚೆ ಎಲ್ಲವನ್ನೂ ನೆಲಕ್ಕೆ ಹರಡಿ ಒಂದು ಫೋಟೊ ತೆಗೆದರು. ಆ ಫೋಟೊ ಮರುದಿನ ಕೆಲಸಕ್ಕೆ ಬಂತು.

ಲಾಟ್ 41, ಸಾಗವಾನಿ ತೂಗುಮಂಚ. ಹಲಗೆ ಆರು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಇಂಚು ದಪ್ಪ. ಗುಣಿಸಿದರೆ ಎರಡು ಘನ ಅಡಿ. ಹಳೆಯ ಸಾಗವಾನಿಗೆ ಬಡಿಗರು ಹೇಳಿದ 3,000ದಂತೆ 6,000. ನಾಲ್ಕು ಹಿತ್ತಾಳೆ ಸರಪಳಿ ಒಟ್ಟು 14 ಕೆ.ಜಿ., 6,300. ಸರಪಳಿಗೆ ಕಡ್ಡಾಯವಾಗಿ ಅಯಸ್ಕಾಂತ ಹಿಡಿಯಬೇಕು, ಒಳಗೆ ಕಬ್ಬಿಣದ ಸರಳು, ಮೇಲೆ ಹಿತ್ತಾಳೆಯ ಹೊದಿಕೆ ಇರುವವೂ ಉಂಟು. ಇಲ್ಲಿ ಅಂಟಲಿಲ್ಲ. ತಳಬೆಲೆ 12,300. ಹಲಗೆಯ ಕೆಳಗೆ ಕರಿ ಬಟ್ಟೆ ಹಾಸಿ ಮೇಲಿನಿಂದ ಕೈಯಿಂದ ಬಡಿದರು. ಬಟ್ಟೆಯ ಮೇಲೆ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳ ಇನ್ನೂ ಜೀವಂತ. ಹಳೆಯ ತೂತು ಇದ್ದು ಪುಡಿ ಬೀಳದಿದ್ದರೆ ಹೆದರಬೇಕಿಲ್ಲ. ಇಲ್ಲಿ ಪುಡಿ ಬೀಳಲಿಲ್ಲ. ಸರಪಳಿಯ ಮೇಲಿನ ಕೊಂಡಿಗಳು ಮಾತ್ರ ಒಂದಕ್ಕೊಂದು ಉಜ್ಜಿ ಸವೆದಿದ್ದವು. ಎರಡು ಕೊಂಡಿಗಳಲ್ಲಿ ದಪ್ಪದ ಮೂರನೇ ಒಂದು ಪಾಲು ಹೋಗಿತ್ತು. ಅವನ್ನು ಬದಲಿಸಲೇಬೇಕು. ಹೊಸದು ಮಾಡಿಸಿದರೆ ಬಡಿಗರು ಹೇಳಿದ್ದು 30,000. ದುರಸ್ತಿ, ಸಾಗಾಟ, ಹಳೆಯದರ ಅಪಾಯ ಕಳೆದು ಮಿತಿ 22,000.

ಪಕ್ಕದಲ್ಲಿದ್ದ ಗಾಜಿನ ಬಾಗಿಲಿನ ಅಲಮಾರಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಅಕ್ಕ ಅದನ್ನು ಎರಡೇ ನಿಮಿಷದಲ್ಲಿ ಬಿಟ್ಟರು: ಹಿಂಬದಿಗೆ ಪ್ಲೈವುಡ್, ತಿರುಪುಗಳ ತಲೆಯಲ್ಲಿ ಕೂಡಿಸುವ ಗುರುತಿನಂಥ (+) ಸೀಳು, ಅಂದರೆ ಹೊಸ ಕಾಲದ ತಿರುಪು, ಕಾಲಿನ ಬುಡದಲ್ಲಿ ಹೊಸ ಪುಡಿ. ಗೋಡೆ ಗಡಿಯಾರದ ಮುಖದ ಮೇಲೆ ಅಮೆರಿಕದ ಹೆಸರಾಂತ ಕಂಪನಿಯ ಹೆಸರಿತ್ತು, ಆದರೆ ಕೀಲಿ ಕೊಡುವ ತೂತಿಗೂ ಒಳಗಿನ ಯಂತ್ರದ ಕಂಬಿಗೂ ಸಾಲು ಕೂಡುತ್ತಿರಲಿಲ್ಲ: ಒಂದರ ಮುಖ, ಇನ್ನೊಂದರ ಹೊಟ್ಟೆ. ಉಪ್ಪಿನಕಾಯಿ ಬರಣಿಗಳು ನೀರು ಹಾಕಿಟ್ಟ ಕಾಲು ತಾಸಿನಲ್ಲಿ ಕೂದಲಿನಂಥ ಗೆರೆ ತೋರಿಸಿದವು.

ಬಿದರಿ ಸಾಮಾನು

ಬೀದರ್ ಹತ್ತಿರ ಇರುವುದರಿಂದ ಈ ಭಾಗದ ಹಳೆಯ ಮನೆಗಳಲ್ಲಿ ಬಿದರಿ ಸಿಗುವುದು ಸಹಜ, ಅದರ ಹೆಸರಿನಲ್ಲಿ ಬೇರೇನೋ ಸಿಗುವುದೂ ಅಷ್ಟೇ ಸಹಜ. ಇಲ್ಲಿ ಮೂರು ಇದ್ದವು: ಎಲೆಅಡಿಕೆ ಇಡುವ ಪಾನ್‌ದಾನ್, ಉದ್ದ ಕುತ್ತಿಗೆಯ ಸುರಾಯಿ, ಹುಕ್ಕಾದ ಬುಡ.

ಬಿದರಿಯ ಮೈ ಸತುವಿನದು, ತಾಮ್ರ ಸ್ವಲ್ಪ; ಸುಮಾರು 16 ಪಾಲು ಸತುವಿಗೆ 1 ಪಾಲು ತಾಮ್ರ. ಅಚ್ಚು ಹೊಯ್ದು, ಉಳಿಯಿಂದ ಗೀರು ಕೊರೆದು, ಬೆಳ್ಳಿಯ ತಂತಿ ಅಥವಾ ತಗಡು ಕೂರಿಸಿ, ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣು ಮತ್ತು ನವಸಾಗರದ ಬಿಸಿ ದ್ರಾವಣದಲ್ಲಿ ಹಾಕಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಅಂದರೆ ಈ ಕಪ್ಪು ಬಳಿದದ್ದಲ್ಲ, ಲೋಹದ ಮೈಯೇ ತಿರುಗಿದ್ದು. ಪರೀಕ್ಷೆಯೆಲ್ಲ ಇದೊಂದರ ಮೇಲೆ ನಿಂತಿದೆ. ಮನೆಯವರ ಅನುಮತಿ ಕೇಳಿ, ತಳದ ಕಾಣದ ಜಾಗದಲ್ಲಿ, ಉಗುರುಬಣ್ಣ ತೆಗೆಯುವ ದ್ರಾವಣದಲ್ಲಿ ಅದ್ದಿದ ಹತ್ತಿ ಒರೆಸಿದರು. ಸುರಾಯಿಯಿಂದ ಹತ್ತಿಗೆ ಕಪ್ಪು ಹತ್ತಿತು, ಒಳಗೆ ಹಳದಿ ಕಂಡಿತು: ಹಿತ್ತಾಳೆಗೆ ಬಣ್ಣ. ಉಳಿದೆರಡರಿಂದ ಏನೂ ಹತ್ತಲಿಲ್ಲ. ಭೂತಕನ್ನಡಿಯಲ್ಲಿ ನೋಡಿದರೆ ಪಾನ್‌ದಾನಿನ ಬೆಳ್ಳಿ ಮೈಗೆ ಸಮವಾಗಿ ಕೂತಿತ್ತು, ಒಂದೆರಡು ಕಡೆ ತಂತಿ ಉದುರಿ ಗೀರು ಮಾತ್ರ ಉಳಿದಿತ್ತು. ಹಾಗೆ ಖಾಲಿ ಗೀರು ಕಾಣುವುದು ಒಳ್ಳೆಯ ಸಾಕ್ಷಿ. ಬಣ್ಣದಲ್ಲಿ ಬರೆದದ್ದಾದರೆ ಗೀರು ಇರುವುದಿಲ್ಲ. ಮುಚ್ಚಳದ ಒಂದು ಬದಿ ಬೂದು ಬಣ್ಣಕ್ಕೆ ತಿರುಗಿತ್ತು. ಹಿತ್ತಾಳೆ ಎಂದುಕೊಂಡು ಯಾರೋ ಹುಣಸೆಹಣ್ಣು ಹಾಕಿ ತಿಕ್ಕಿದರೆ ಹಾಗಾಗುತ್ತದೆ, ಹುಳಿ ಆ ಕಪ್ಪನ್ನು ತಿನ್ನುತ್ತದೆ.

ಹುಕ್ಕಾದ ಬುಡ ಗಂಟೆಯ ಆಕಾರದ್ದು. ದುಂಡು ಬುಡ ಹಳೆಯ ರೂಪ, ಗಂಟೆಯ ಆಕಾರ ಆಮೇಲೆ ಬಂದದ್ದು. ಕುತ್ತಿಗೆಯಲ್ಲಿ ಒಂದು ಸೀಳು. ಇದನ್ನು ಬೆಸುಗೆ ಹಾಕಿಸಿದರಾಯಿತು ಎಂದು ಕೊಳ್ಳುವವರು ತಪ್ಪುತ್ತಾರೆ. ಸತುವು ಸುಮಾರು 420 ಡಿಗ್ರಿಗೆ ಕರಗುತ್ತದೆ, ಬೆಳ್ಳಿ ಬೆಸುಗೆಗೆ ಬೇಕಾದ ಕಾವು ಅದಕ್ಕಿಂತ ಬಹಳ ಹೆಚ್ಚು. ಕುಲುಮೆಗೆ ಹೋದರೆ ಕುತ್ತಿಗೆಯೇ ಇಳಿದುಹೋಗುತ್ತದೆ. ಸೀಳಿದ್ದು ಸೀಳಿದ ಹಾಗೆಯೇ ಇರಬೇಕು ಎಂದು ಲೆಕ್ಕ ಹಿಡಿದು ಮಿತಿ 5,000 ಬರೆದರು. ಪಾನ್‌ದಾನಿಗೆ 9,000. ಸುರಾಯಿಗೆ ಸೊನ್ನೆ.

ಮಾರಬಾರದ ವಸ್ತುಗಳು

ಪಡಸಾಲೆಯ ಗೋಡೆಯಲ್ಲಿ ಒಂದು ಜೊತೆ ಚಿಗರಿ ಕೋಡು ಮೊಳೆ ಹೊಡೆದು ನಿಲ್ಲಿಸಿತ್ತು. ಅದಕ್ಕೂ ಲಾಟ್ ಚೀಟಿ ಅಂಟಿಸಿದ್ದರು. ಅಂಗಳದ ಮೂಲೆಯಲ್ಲಿ ಮೂಗು ಮುರಿದ ಕಲ್ಲಿನ ನಂದಿ, ಅದಕ್ಕೂ ಚೀಟಿ. ಮನೆಯವರಲ್ಲಿ ಕೆಟ್ಟ ಉದ್ದೇಶವಿರಲಿಲ್ಲ, ಗೊತ್ತಿರಲಿಲ್ಲ ಅಷ್ಟೇ. ಆದರೆ ಗೊತ್ತಿರಲಿಲ್ಲ ಎಂದರೆ ಕಾನೂನು ಬಿಡುವುದಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅಡಿ ಇಂಥ ಕೋಡು, ಚರ್ಮ, ಆನೆದಂತವನ್ನು ಮಾರುವ ಹಾಗಿಲ್ಲ. ಮಾಲೀಕತ್ವದ ಪ್ರಮಾಣಪತ್ರ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ‘ಹಂಗೇ ಒಯ್ರಿ ಅಕ್ಕಾ, ರೊಕ್ಕ ಬ್ಯಾಡ’ ಎಂದರೂ ಮುಟ್ಟಬಾರದು. ಮನೆಯವರು ಮಾಡಬೇಕಾದದ್ದು ಅರಣ್ಯ ಇಲಾಖೆಗೆ ತಿಳಿಸುವುದು.

ನಂದಿಯದು ಬೇರೆ ಕಾನೂನು. 1972ರದೇ ಪುರಾತನ ವಸ್ತು ಮತ್ತು ಕಲಾನಿಧಿ ಕಾಯ್ದೆ 1976ರಲ್ಲಿ ಜಾರಿಗೆ ಬಂತು. ಅದರಲ್ಲಿ ನೂರು ವರ್ಷ ದಾಟಿದ ವಸ್ತು ಪುರಾತನ ವಸ್ತು. ಹಸ್ತಪ್ರತಿ ಮತ್ತು ಮಹತ್ವದ ದಾಖಲೆಗಳಿಗೆ 75 ವರ್ಷ. ಕಲ್ಲು, ಲೋಹ, ಸುಟ್ಟಮಣ್ಣು, ದಂತದ ಶಿಲ್ಪ, ವರ್ಣಚಿತ್ರ, ಚಿತ್ರವಿರುವ ಹಸ್ತಪ್ರತಿ, ಕೆತ್ತನೆಯ ಮರ ಇವುಗಳಿಗೆ ನೋಂದಣಿ ಬೇಕು, ಕೈ ಬದಲಾದರೆ ನೋಂದಣಿ ಅಧಿಕಾರಿಗೆ ತಿಳಿಸಬೇಕು. ಪುರಾತನ ವಸ್ತುವಿನ ವ್ಯಾಪಾರ ಮಾಡುವವರಿಗೆ ಪರವಾನಗಿ ಬೇಕು; ಮನೆಯ ಬಳಕೆಗೆ ಕೊಳ್ಳುವವರಿಗೆ ಪರವಾನಗಿ ಬೇಡ, ಆದರೆ ದೇಶದ ಹೊರಗೆ ಕಳಿಸುವ ಹಾಗಿಲ್ಲ. ಸುರಪುರದ ಕಡೆಯ ಹಳೆಯ ಮನೆಗಳಲ್ಲಿ ಕಿರುವರ್ಣಚಿತ್ರಗಳು ಸಿಕ್ಕಾಗಲೂ ಇದೇ ನಿಯಮ. ಅಕ್ಕ ಹೇಳಿದ ಮೇಲೆ ಹಿರಿಯ ಮಗ ಎರಡೂ ಚೀಟಿ ಕಿತ್ತರು. ಇಂಥ ಮನೆಗಳಲ್ಲಿ ಹಳೆಯ ಬಂದೂಕು ಅಥವಾ ಕತ್ತಿ ಸಿಕ್ಕರೆ ಅದು ಲಿಲಾವಿಗೆ ಬರುವುದಲ್ಲ, ಪೊಲೀಸ್ ಠಾಣೆಗೆ ಹೋಗಬೇಕಾದದ್ದು. ಗೋಡೆ, ನೆಲದೊಳಗೆ ಹೂತದ್ದು ಏನಾದರೂ ಸಿಕ್ಕರೆ ಅದು ನಿಧಿ ಕಾನೂನಿನ ವಿಷಯ, ಜಿಲ್ಲಾಡಳಿತಕ್ಕೆ ತಿಳಿಸಬೇಕು.

ಎಲ್ಲಕ್ಕಿಂತ ನೋವಾಗುವಂಥದ್ದು ಲಾಟ್ 112. ‘ರದ್ದಿ, 60 ಕೆ.ಜಿ.’ ಎಂದು ಬರೆದಿತ್ತು. ಕಟ್ಟು ಬಿಚ್ಚಿದರೆ ಮೋಡಿ ಲಿಪಿಯ (ಮರಾಠಿಯ ಹಳೆಯ ಕೈಬರಹ) ಮತ್ತು ಉರ್ದು ಕಾಗದಗಳು, ಜಮೀನಿನ ಪಾವತಿಗಳು. ತಾರೀಖು ಫಸಲಿ ವರ್ಷದಲ್ಲಿ, ಅಂದರೆ ಆಗಿನ ಕಂದಾಯ ಲೆಕ್ಕದ ವರ್ಷದಲ್ಲಿ: 590 ಅಥವಾ 591 ಕೂಡಿಸಿದರೆ ಇಸವಿ ಬರುತ್ತದೆ. ನಿಜಾಮರ ಕಾಲದ ಈ ಭಾಗದ ಜಮೀನಿನ ಮೂಲ ತಿಳಿಯಬೇಕಾದರೆ ಇಂಥ ಕಾಗದವೇ ಆಧಾರ. 1949ರಲ್ಲಿ ಜಾಗೀರು ರದ್ದಾದಾಗಿನ ಲೆಕ್ಕವೂ ಇವುಗಳಲ್ಲೇ ಇರುತ್ತದೆ. ಹೊಲದ ಪಾಲು ಇನ್ನೂ ಆಗದ ಮನೆಯಲ್ಲಿ ಇದನ್ನು ರದ್ದಿಗೆ ಹಾಕುವುದೆಂದರೆ ಸ್ವಂತ ಸಾಕ್ಷಿಯನ್ನೇ ಸುಟ್ಟ ಹಾಗೆ. ಕೊಳ್ಳುವವರಿಗೆ ಇದರಲ್ಲಿ ಲಾಭವಿಲ್ಲ, ಆದರೂ ಹೇಳಬೇಕು. ಹೇಳಿದ್ದಕ್ಕೆ ಆ ಲಾಟು ಹಿಂದಕ್ಕೆ ಬಂತು.

ನಾಣ್ಯದ ಡಬ್ಬಿ ಅಕ್ಕನ ಪಟ್ಟಿಯಲ್ಲಿ ಇರಲಿಲ್ಲ, ಆದರೂ ಲೆಕ್ಕ ಹೇಳತಕ್ಕದ್ದು. 40 ಬೆಳ್ಳಿ ರೂಪಾಯಿ, ಚೀಟಿಯಲ್ಲಿ ‘ಬ್ರಿಟಿಷ್ ರೂಪಾಯಿ’. ತೂಗಿದರೆ 447 ಗ್ರಾಂ. ಬ್ರಿಟಿಷ್ ಕಲ್ದಾರ್ ರೂಪಾಯಿ ಒಂದಕ್ಕೆ 11.66 ಗ್ರಾಂ; ನಲವತ್ತಕ್ಕೆ 466 ಬರಬೇಕಿತ್ತು. ಹೈದರಾಬಾದ್ ನಿಜಾಮರ ರೂಪಾಯಿಯಾದ ‘ಹಾಲಿ ಸಿಕ್ಕಾ’ 11.18 ಗ್ರಾಂ, ಅದರಲ್ಲೂ ಬೆಳ್ಳಿ ನೂರಕ್ಕೆ 82ರಷ್ಟು ಮಾತ್ರ. ಕಲ್ದಾರಿನಲ್ಲಿ ಸುಮಾರು 92. ಮುಖದ ಮೇಲೆ ಚಾರ್‌ಮಿನಾರ್ ಇದ್ದರೆ ಹಾಲಿ ಸಿಕ್ಕಾ. ಡಬ್ಬಿಯಲ್ಲಿದ್ದವು ಎಲ್ಲ ಅವೇ. ಬೆಳ್ಳಿ 366 ಗ್ರಾಂ, ಚೀಟಿ ನಂಬಿದವರು ಹಿಡಿದದ್ದು 428. ಹಿಂದೆ ಏಳು ಹಾಲಿಗೆ ಆರು ಕಲ್ದಾರ್ ಎಂದು ಲೆಕ್ಕವಿದ್ದದ್ದು ಸುಮ್ಮನೆ ಅಲ್ಲ. ಎರಡನೇ ಮಹಾಯುದ್ಧದ ಕಾಲದ ಕಲ್ದಾರಿನಲ್ಲಿ ಬೆಳ್ಳಿ ಅರ್ಧಕ್ಕಿಳಿದಿದೆ, ಆದ್ದರಿಂದ ಇಸವಿಯನ್ನೂ ನೋಡಬೇಕು.

ಕೂಗುವ ದಿನ

ಕೂಗಲು ಕರೆಸಿದ್ದವರು ತೊಗರಿ ಅಡತಿಯಲ್ಲಿ ಪಳಗಿದವರು, ಗಂಟಲು ದೊಡ್ಡದು, ಕೈ ಚುರುಕು. ಒಂದು ಲಾಟಿಗೆ ಎರಡು ನಿಮಿಷ. ‘ಹಂಡೇವು ನೋಡ್ರೆಪ್ಪಾ, ತಾಮ್ರದ್ದು, ಹತ್ತು ಸಾವಿರ ಸವಾಲು!’ ಮೋಡಕಾ ವ್ಯಾಪಾರಿಗಳು ನಾಲ್ವರು ಒಂದೇ ಕಡೆ ನಿಂತಿದ್ದರು, ಪ್ರತಿ ಸಲ ಅವರಲ್ಲಿ ಒಬ್ಬರೇ ಕೂಗುತ್ತಿದ್ದರು: ಒಳಒಪ್ಪಂದದ ಲಕ್ಷಣ. ಅವರ ಕೂಗು ತಳಬೆಲೆಗಿಂತ ಸ್ವಲ್ಪ ಕೆಳಗೆ ನಿಲ್ಲುತ್ತದೆ, ಏಕೆಂದರೆ ಅವರಿಗೂ ಲಾಭ ಉಳಿಯಬೇಕು. ವಸ್ತುವನ್ನು ಬಳಸಲು ಕೊಳ್ಳುವವರು ಅಲ್ಲಿಂದ ಮೇಲೆ ಹೋಗಬಲ್ಲರು. ಆದರೆ ಅಂದು ಹಕ್ಕಳೆಯ ತೂಕ ಕಳೆಯದ ಇನ್ನೊಬ್ಬ ಗಿರಾಕಿ 14,500ವರೆಗೆ ಬಂದರು. ಹಂಡೆ ಅಕ್ಕನಿಗೆ 14,800ಕ್ಕೆ ಬಂತು.

ಲಾಟ್ 23 ಬಂದಾಗ ಚೀಲ ತೆಳ್ಳಗೆ ಕಂಡಿತು. ಅಕ್ಕ ಕೂಗುವ ಮುಂಚೆಯೇ ಕೈ ಎತ್ತಿ, ‘ಕಾಕಾ, ಚೀಲ ಸುರುವ್ರಿ’ ಎಂದರು. ಎರಡು ಕಂಚಿನ ಗಂಗಾಳ ಲಾಟ್ 31ಕ್ಕೆ ಹೋಗಿದ್ದವು. ಶನಿವಾರ ಸಂಜೆ ನೋಡುಗರು ಎತ್ತಿ ಇಳಿಸುವಾಗ ಹೀಗಾಗುವುದು ಸಾಮಾನ್ಯ, ಬೇಕೆಂದೇ ಮಾಡುವವರೂ ಇದ್ದಾರೆ. ಫೋಟೊ ತೋರಿಸಿದರು, ಗಂಗಾಳ ವಾಪಸು ಬಂದವು. ಕೂಗು ಮುಗಿದ ಮೇಲೆ ಇದೇ ಮಾತು ಎತ್ತಿದ್ದರೆ ‘ಇದ್ದದ್ದು ಇದ್ದ ಹಾಗೆ’ ಎಂಬ ಉತ್ತರ ಸಿಗುತ್ತಿತ್ತು. 7,200ಕ್ಕೆ ಮುಗಿಯಿತು.

ತಪ್ಪು ಆದದ್ದು ತೂಗುಮಂಚದಲ್ಲಿ. ಅಕ್ಕನ ತಮ್ಮ ಪಿಕಪ್ ಗಾಡಿಗೆ ಜಾಗ ನೋಡಲು ಹೊರಗೆ ಹೋಗಿದ್ದರು. ಲಾಟ್ 41 ಎಂಬ ಕೂಗು ಕೇಳಿ ಒಳಗೆ ಬಂದು, ಗುಂಪಿನ ಹಿಂದಿನಿಂದ ತಾವೂ ಕೂಗಲು ಶುರು ಮಾಡಿದರು. ಅಕ್ಕ ಮುಂದೆ ನಿಂತು 18,500 ಎಂದಿದ್ದರು, ಉಳಿದವರು ಸುಮ್ಮನಾಗಿದ್ದರು. ಹಿಂದಿನಿಂದ 19,000. ಅಕ್ಕ 19,500. ಹಿಂದಿನಿಂದ 20,000. ‘ನಿಮ್ ತಮ್ಮನೇ ಕೂಗ್ಲಕತ್ತಾನಲ್ರೀ ಅಕ್ಕಾ’ ಎಂದು ಪಕ್ಕದವರು ಹೇಳುವ ಹೊತ್ತಿಗೆ ಮೂರನೇ ಸಲವೂ ಆಗಿಹೋಗಿತ್ತು. 1,500 ಹೆಚ್ಚಾಯಿತು. ಮೂರು ಸಲ ಎನ್ನುವ ಮುಂಚೆ ಗಮನಕ್ಕೆ ಬಂದಿದ್ದರೆ ಕೂಗನ್ನು ಹಿಂದಕ್ಕೆ ಪಡೆಯುವ ಹಕ್ಕು ಇತ್ತು. ಒಂದು ಮನೆಯಿಂದ ಎಷ್ಟೇ ಮಂದಿ ಬಂದರೂ ಬಾಯಿ ಒಬ್ಬರದೇ ಇರಬೇಕು. ಎರಡನೆಯವರು ಪಕ್ಕದಲ್ಲೇ ನಿಂತು ನೋಟ್‌ಬುಕ್ಕಿನ ಮಿತಿಯ ಮೇಲೆ ಬೆರಳಿಟ್ಟುಕೊಂಡಿರಬೇಕು.

ಪಾನ್‌ದಾನ್ 9,000 ದಾಟಿದಾಗ ಅಕ್ಕ ಬಾಯಿ ಮುಚ್ಚಿದರು. ಹೈದರಾಬಾದಿನಿಂದ ಬಂದವರು 13,000ಕ್ಕೆ ಒಯ್ದರು. ಬಣ್ಣ ಬಳಿದ ಸುರಾಯಿ 6,500ಕ್ಕೆ ಹೋಯಿತು. ಹುಕ್ಕಾದ ಬುಡ ಸೀಳಿನಿಂದಾಗಿ 4,200ಕ್ಕೆ ಸಿಕ್ಕಿತು.

ಹಣ, ರಸೀದಿ, ಸಾಗಾಟ

ಒಟ್ಟು 46,200. ಠೇವಣಿ ಕಳೆದು 41,200 ಬ್ಯಾಂಕಿನ ಮೂಲಕ ಕೊಟ್ಟರು. ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ಹಣವನ್ನು ಒಂದೇ ವ್ಯವಹಾರಕ್ಕೆ ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ಇಲ್ಲಿ ಅಷ್ಟಿರಲಿಲ್ಲ, ಆದರೂ ಬ್ಯಾಂಕಿನ ಗುರುತು ಉಳಿದರೆ ರಸೀದಿಗೆ ಬಲ ಬರುತ್ತದೆ. ರಸೀದಿಯಲ್ಲಿ ಲಾಟ್ ಸಂಖ್ಯೆ, ವಸ್ತುವಿನ ವಿವರ ಮತ್ತು ತೂಕ, ಬೆಲೆ, ತಾರೀಖು, ವಾರಸುದಾರರ ಪರವಾಗಿ ಸಹಿ ಇರಬೇಕು. ‘ಹಳೆ ಸಾಮಾನು’ ಎಂದಷ್ಟೇ ಬರೆದರೆ ದಾರಿಯಲ್ಲಿ ಯಾರಾದರೂ ಕೇಳಿದಾಗ ತೋರಿಸಿ ಪ್ರಯೋಜನವಿಲ್ಲ. ತೂಗುಮಂಚದ ಜೊತೆ ಬಿಡಿ ಸಾಗವಾನಿ ತೊಲೆಗಳನ್ನೂ ಕೊಡುತ್ತೇವೆಂದರು. ಬಿಡಿ ಮರ ಸಾಗಿಸಲು ಮೊದಲು ಅರಣ್ಯ ಕಚೇರಿಯಲ್ಲಿ ರಹದಾರಿಯ ವಿಷಯ ವಿಚಾರಿಸಬೇಕಾದ್ದರಿಂದ ಅಕ್ಕ ಬೇಡ ಎಂದರು.

ಅದೇ ಸಂಜೆ ಎತ್ತಿದರು. ಮೂರು ದಿನ ಅವಕಾಶ ಇದ್ದರೂ ಬೀಗವಿಲ್ಲದ ಅಂಗಳದಲ್ಲಿ ರಾತ್ರಿ ಸರಪಳಿ ಉಳಿಯುತ್ತದೆ ಎಂಬ ಭರವಸೆ ಇಲ್ಲ. ಪಿಕಪ್ಪಿನ ತಳಕ್ಕೆ ಜೋಳದ ಕಣಿಕೆ ಹಾಸಿ, ಹಲಗೆಯನ್ನು ಮಲಗಿಸಿ, ಸರಪಳಿ ಬೇರೆ ಚೀಲದಲ್ಲಿ. ಗಂಗಾಳಗಳ ನಡುವೆ ಬಟ್ಟೆ. ಹಂಡೆಯ ಒಳಗೆ ಜಾಗ ಇದೆಯೆಂದು ಹುಕ್ಕಾದ ಬುಡವನ್ನು ಅಲ್ಲಿಡುವುದು ಸಹಜವಾದ ತಪ್ಪು. ಸತುವು ಪೆಡಸು, ತಾಮ್ರಕ್ಕೆ ಬಡಿದು ಸೀಳು ಬೆಳೆಯುತ್ತದೆ. ಅದನ್ನು ಕಂಬಳಿಯಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ ತಂದರು.

ಬಾಡಿಗೆ 3,500, ಹಮಾಲಿ 1,200.

ಮನೆಗೆ ಬಂದ ಮೇಲೆ

ಹಂಡೆಯ ಹಕ್ಕಳೆ ತೆಗೆಯಲು ಶೌಚಾಲಯ ತೊಳೆಯುವ ಆಮ್ಲ ಹಾಕುವವರಿದ್ದಾರೆ; ಅದು ತೇಪೆಯ ಬೆಸುಗೆಯನ್ನೂ ತಿನ್ನುತ್ತದೆ, ಹೊಗೆ ಎದೆಗೆ ಕೆಡುಕು. ಒಂದು ಲೀಟರ್ ಬಿಸಿನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) ಹಾಕಿ ಎರಡು ತಾಸು ಬಿಟ್ಟು ಮರದ ಚಮಚದಿಂದ ಕೆರೆದರೆ ಪದರ ಪದರವಾಗಿ ಬಿಡುತ್ತದೆ. ಮೂರು ಸಲ ಮಾಡಬೇಕಾಯಿತು. ರಾತ್ರಿಯಿಡೀ ಬಿಡಬಾರದು, ತಾಮ್ರವೂ ಕರಗತೊಡಗುತ್ತದೆ.

ಹಿತ್ತಾಳೆ ತಪೇಲಿಯಲ್ಲಿ ಸಾರು ಮಾಡಬೇಕಾಗಿದ್ದರಿಂದ ಕಲಾಯಿ ಬೇಕೇ ಬೇಕು. ಹುಣಸೆಹುಳಿ ಬರಿ ಹಿತ್ತಾಳೆಗೆ ತಾಕಿದರೆ ತಾಮ್ರ ಸಾರಿಗೆ ಇಳಿದು ವಾಂತಿ, ಹೊಟ್ಟೆನೋವು ತರುತ್ತದೆ. ಪಾತ್ರೆ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಉದುರಿಸಿ, ತವರದ ಕಡ್ಡಿ ತಾಕಿಸಿ ಹತ್ತಿಯಿಂದ ಎಳೆದರೆ ಒಳಮೈ ಬೆಳ್ಳಗಾಗುತ್ತದೆ. ಕಲಾಯಿಗಾರರಿಗೆ ಶುದ್ಧ ತವರವನ್ನೇ ಹಾಕಲು ಹೇಳಬೇಕು, ಬೆಸುಗೆಯ ಕಡ್ಡಿ ಕೂಡದು, ಅದರಲ್ಲಿ ಸೀಸ ಇರುತ್ತದೆ. ಹಳದಿ ಇಣುಕಿದ ದಿನ ಮತ್ತೆ ಹಾಕಿಸಬೇಕು. ಕಲಾಯಿ ಮತ್ತು ಪಾಲಿಷಿಗೆ 2,000 ಆಯಿತು.

ಹುಕ್ಕಾದ ಬುಡಕ್ಕೆ ಒಣ ಬಟ್ಟೆಯಿಂದ ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ತೀಡಿದ್ದು ಬಿಟ್ಟರೆ ಏನೂ ಮಾಡಲಿಲ್ಲ. ತೂಗುಮಂಚದ ಹಲಗೆಯನ್ನು ಬಿಸಿಲಿಗೆ ಹಾಕದೆ ನೆರಳಿನಲ್ಲಿ ಹದಿನೈದು ದಿನ ಇಟ್ಟರು. ಈ ಕಡೆಯ ಬೇಸಿಗೆ ಬಿಸಿಲು ಹಲಗೆಯನ್ನು ಒಂದೇ ವಾರದಲ್ಲಿ ಸೀಳಬಲ್ಲದು. ಸವೆದ ಎರಡು ಕೊಂಡಿ ಬದಲಿಸಿ, ಛಾವಣಿಯ ತೊಲೆಗೆ ನಾಲ್ಕು ಹೊಸ ಕೊಕ್ಕೆ ಹಾಕಿಸಿದ್ದಕ್ಕೆ 2,800. ಸುಣ್ಣದ ಗಾರೆಗೆ ಕೊಕ್ಕೆ ಹೊಡೆದರೆ ನಿಲ್ಲುವುದಿಲ್ಲ, ತೊಲೆಯನ್ನೇ ಹಿಡಿಯಬೇಕು. ನಾಲ್ವರು ಕೂತರೆ ಮುನ್ನೂರು ಕೆ.ಜಿ.ಗೆ ಹತ್ತಿರ, ತೂಗುವಾಗ ಎಳೆತ ಇನ್ನೂ ಹೆಚ್ಚು. ಮೊದಲು ಐವತ್ತು ಕೆ.ಜಿ.ಯ ಎಂಟು ತೊಗರಿ ಚೀಲ ಹೇರಿ ಒಂದು ರಾತ್ರಿ ಬಿಟ್ಟರು. ಬೆಳಿಗ್ಗೆ ಕೊಕ್ಕೆಯ ಸುತ್ತ ಗೆರೆ ಬಿಟ್ಟಿರಲಿಲ್ಲ, ತೊಲೆ ಬಾಗಿರಲಿಲ್ಲ. ಆಮೇಲೆ ಚೀಲ ಇಳಿಸಿ ಮಂದಿ ಕೂತರು.